ಹಗಲಲ್ಲೂ ಉರಿಯುವ ಹೆಡ್‌ಲೈಟ್‌ಗೆ ಸ್ವಿಚ್ ಹಾಕಿಸಬಹುದಾ?

ಬೈಕ್ ಬಗ್ಗೆ ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಡ್‌ಲೈಟ್ ಬಗ್ಗೆಯೇ ಇವೆ. ಅದರಲ್ಲೂ ಒಂದೇ ಪ್ರಶ್ನೆಯನ್ನು ಏಳೆಂಟು ಜನ ಕೇಳಿದ್ದಾರೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಕೊಡುತ್ತಿದ್ದೇನೆ. ಚೈನು, ಟೈರು, ಕಾರ್ಬುರೇಟರ್ ಅಂತ ಬರೆದವರು ದಯವಿಟ್ಟು ಒಂದು ಸಂಚಿಕೆ ಕಾಯಿರಿ.

ಪ್ರಶ್ನೆ: ನನ್ನದು 2021ರ 125 ಸಿಸಿ ಬೈಕ್. ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಹಗಲು ಹೊತ್ತಿನಲ್ಲಿ ಹೊರಟರೆ ದಾರಿಯಲ್ಲಿ ನಾಲ್ಕು ಜನವಾದರೂ ‘ಲೈಟ್ ಆನ್ ಇದೆ’ ಅಂತ ಕೈ ಮಾಡುತ್ತಾರೆ. ಹೀಗೆ ಉರಿದರೆ ಬ್ಯಾಟರಿ ಬೇಗ ಹೋಗುತ್ತದೆ, ಮೈಲೇಜ್ ಕಮ್ಮಿಯಾಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಮ್ಮೂರಿನ ಮೆಕ್ಯಾನಿಕ್ 200 ರೂಪಾಯಿಗೆ ಒಂದು ಸ್ವಿಚ್ ಹಾಕಿಕೊಡುತ್ತೇನೆ ಅನ್ನುತ್ತಿದ್ದಾರೆ. ಹಾಕಿಸಲಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬೇಡ, ಹಾಕಿಸಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬರೀ ‘ಕಾನೂನು ಒಪ್ಪುವುದಿಲ್ಲ’ ಅಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಲ್ವಾ.

ಮೊದಲು ಆ ಕೈಸನ್ನೆಯ ವಿಷಯ. ಐದು ಬೆರಳು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸುವುದು ನಮ್ಮ ಜನರ ಒಳ್ಳೆಯತನ. ಒಂದು ಕಾಲದಲ್ಲಿ ಅದು ನಿಜಕ್ಕೂ ಉಪಕಾರವೇ ಆಗಿತ್ತು. ಆದರೆ 2017ರ ಏಪ್ರಿಲ್ 1ರಿಂದ ತಯಾರಾದ ಎಲ್ಲ ದ್ವಿಚಕ್ರ ವಾಹನಗಳಲ್ಲೂ ಎಂಜಿನ್ ಓಡುತ್ತಿರುವಷ್ಟು ಹೊತ್ತು ಮುಂದಿನ ದೀಪ ತಾನಾಗಿಯೇ ಉರಿಯಬೇಕು ಅನ್ನುವ ನಿಯಮ ಬಂತು. ಇಂಗ್ಲಿಷ್ ಹೆಸರು ಆಟೊಮ್ಯಾಟಿಕ್ ಹೆಡ್‌ಲ್ಯಾಂಪ್ ಆನ್, ಎಲ್ಲರೂ ಚಿಕ್ಕದಾಗಿ ಎಎಚ್‌ಒ ಅನ್ನುತ್ತಾರೆ. ರಸ್ತೆ ಸುರಕ್ಷತೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ್ದ, ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಸಮಿತಿಯ ಶಿಫಾರಸು ಇದರ ಹಿಂದಿದೆ. ಹಾಗಾಗಿ ನಿಮ್ಮ ಬೈಕ್‌ನಲ್ಲಿ ಸ್ವಿಚ್ ಇಲ್ಲದಿರುವುದು ಕಂಪನಿಯವರ ಜಿಪುಣತನ ಅಲ್ಲ. ಬೇಕಂತಲೇ ತೆಗೆದಿದ್ದಾರೆ.

ಹಗಲಲ್ಲಿ ಯಾಕೆ ಬೇಕು ಅಂದರೆ, ದಾರಿ ನೋಡುವುದಕ್ಕಲ್ಲ. ನೀವು ಬೇರೆಯವರ ಕಣ್ಣಿಗೆ ಬೀಳುವುದಕ್ಕೆ. ಕಾರು, ಲಾರಿ ಓಡಿಸುವವರು ಕನ್ನಡಿಯಲ್ಲಿ ಒಂದು ಕ್ಷಣ ನೋಡಿ ಪಕ್ಕಕ್ಕೆ ಎಳೆಯುತ್ತಾರೆ. ಆ ಒಂದು ಕ್ಷಣದಲ್ಲಿ ಬೈಕ್ ಅನ್ನುವುದು ತೆಳ್ಳಗಿನ ಒಂದು ಕಪ್ಪು ಗೆರೆ ಮಾತ್ರ. ಮರದ ನೆರಳು, ಡಾಂಬರಿನ ಕಪ್ಪು, ಹಿಂದಿನ ವಾಹನದ ಬಣ್ಣ, ಎಲ್ಲದರ ಜೊತೆ ಕಲೆತುಹೋಗುತ್ತದೆ. ದೀಪ ಉರಿಯುತ್ತಿದ್ದರೆ ಕಣ್ಣು ಮೊದಲು ಅದನ್ನೇ ಹಿಡಿಯುತ್ತದೆ.

ನೀವು ಸಕಲೇಶಪುರದವರು, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಂದು ಜುಲೈ ತಿಂಗಳ ಮಧ್ಯಾಹ್ನ ನಾನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಶಿರಾಡಿ ಘಾಟಿ ಇಳಿಯುತ್ತಿದ್ದೆ. ದೋಣಿಗಲ್ ದಾಟಿದ ಮೇಲೆ ಮಂಜು ಎಷ್ಟು ಕವಿದಿತ್ತು ಅಂದರೆ ರಸ್ತೆಯ ಅಂಚಿನ ಬಿಳಿ ಗೆರೆ ಮಾತ್ರ ಕಾಣುತ್ತಿತ್ತು. ಎದುರಿನಿಂದ ಒಂದು ಹಳದಿ ಚುಕ್ಕಿ ಬಂತು, ಡ್ರೈವರ್ ಆಗಲೇ ಕಾಲು ಬ್ರೇಕಿನ ಮೇಲಿಟ್ಟು ಎಡಕ್ಕೆ ಸರಿದರು, ಆಮೇಲೆ ಆ ಚುಕ್ಕಿಯ ಹಿಂದೆ ಬೈಕ್ ಕಾಣಿಸಿತು. ಅದರ ಹಿಂದೆಯೇ ಇನ್ನೊಂದು ಬೈಕ್ ಇತ್ತು, ಹಳೆಯದು, ಲೈಟ್ ಹಾಕಿರಲಿಲ್ಲ, ಬೂದು ಬಣ್ಣದ ರೈನ್‌ಕೋಟ್ ಹಾಕಿದ್ದ ಮನುಷ್ಯ. ಅವರು ಕಂಡಿದ್ದು ನಮ್ಮ ಕಿಟಕಿಯ ಪಕ್ಕಕ್ಕೆ ಬಂದಾಗ. ಡ್ರೈವರ್ ‘ಅಯ್ಯೋ’ ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ. ಎರಡು ಬೈಕ್‌ಗಳ ನಡುವೆ ಇದ್ದ ವ್ಯತ್ಯಾಸ ಒಂದು ಬಲ್ಬ್ ಮಾತ್ರ.

ನಮ್ಮ ಹಾಗೇ ಸಣ್ಣ ಬೈಕ್‌ಗಳೇ ತುಂಬಿರುವ, ಮಳೆಯೂ ಜಾಸ್ತಿ ಇರುವ ಮಲೇಷ್ಯಾದಲ್ಲಿ 1992ರಲ್ಲೇ ಬೈಕ್‌ಗಳು ಹಗಲಲ್ಲೂ ಲೈಟ್ ಹಾಕಬೇಕು ಅಂತ ನಿಯಮ ಮಾಡಿದರು. ಆಮೇಲೆ ಎರಡು ಊರುಗಳಲ್ಲಿ ಲೆಕ್ಕ ಹಾಕಿ ನೋಡಿದಾಗ, ಬೈಕ್ ಸರಿಯಾಗಿ ಕಾಣದೆ ಆಗುವ ಥರದ ಅಪಘಾತಗಳು ಶೇ. 29ರಷ್ಟು ಇಳಿದಿದ್ದವು. ಒಂದು ಬಲ್ಬ್‌ನಿಂದ ಇಷ್ಟು ಸಿಗುತ್ತದೆ ಅಂದರೆ ನಾನಂತೂ ಅದನ್ನು ಆರಿಸುವುದಿಲ್ಲ.

ಈಗ ಮೈಲೇಜ್. ಬೈಕ್‌ನಲ್ಲಿ ಕರೆಂಟ್ ಹುಟ್ಟುವುದು ಮ್ಯಾಗ್ನೆಟೊದಲ್ಲಿ. ಕ್ರ್ಯಾಂಕ್ ಜೊತೆಗೇ ತಿರುಗುವ ಆಯಸ್ಕಾಂತ, ಅದರೊಳಗೆ ತಾಮ್ರದ ಕಾಯಿಲ್. ಎಂಜಿನ್ ಓಡುತ್ತಿದ್ದರೆ ಅದು ತಿರುಗುತ್ತಲೇ ಇರುತ್ತದೆ, ನೀವು ಲೈಟ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಹೆಚ್ಚಿನ ಬೈಕ್‌ಗಳಲ್ಲಿ ಬೇಡದ ಕರೆಂಟನ್ನು ರೆಗ್ಯುಲೇಟರ್ ಬಿಸಿಯಾಗಿ ಹೊರಗೆ ಹಾಕುತ್ತದೆ. ಅದಕ್ಕೇ ರೆಗ್ಯುಲೇಟರ್‌ಗೆ ಅಲ್ಯೂಮಿನಿಯಂ ರೆಕ್ಕೆಗಳಿರುವುದು. ಒಂದು ಗಂಟೆ ಓಡಿಸಿ ಬಂದು ಹುಷಾರಾಗಿ ಅದರ ಹತ್ತಿರ ಕೈ ಹಿಡಿದು ನೋಡಿ, ಗೊತ್ತಾಗುತ್ತದೆ. ಲೈಟ್ ಆರಿಸಿದರೆ ಪೆಟ್ರೋಲ್ ಬಂಕ್‌ನಲ್ಲಿ ನಿಮಗೆ ತಿಳಿಯುವಷ್ಟು ಏನೂ ಉಳಿಯುವುದಿಲ್ಲ. ಟೈರಿನಲ್ಲಿ ಗಾಳಿ ಸರಿಯಾಗಿಟ್ಟುಕೊಂಡರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ಬ್ಯಾಟರಿಯೂ ಅಷ್ಟೇ. ನಿಮ್ಮ ಥರದ ಬೈಕ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 35 ವ್ಯಾಟ್ ಬಲ್ಬ್ ಇರುತ್ತದೆ. ಅಂದರೆ ಹೆಚ್ಚುಕಮ್ಮಿ 3 ಆಂಪಿಯರ್. ಇಷ್ಟು ಹೊತ್ತೂ ಲೈಟ್ ಉರಿಯುತ್ತದೆ ಅಂತ ಗೊತ್ತಿದ್ದೇ ಕಂಪನಿಯವರು ಮ್ಯಾಗ್ನೆಟೊ ಮಾಡಿರುತ್ತಾರೆ. ಬಲ್ಬ್ ಮಾತ್ರ ನಿಜ, ಸ್ವಲ್ಪ ಬೇಗ ಹೋಗುತ್ತದೆ. ನೂರು ಇನ್ನೂರು ರೂಪಾಯಿಯ ಖರ್ಚು. ಅದನ್ನು ಒಪ್ಪಿಕೊಳ್ಳೋಣ.

ಕಾನೂನಿನ ಮಾತು ಕೊನೆಗಿಟ್ಟೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವೈರಿಂಗ್ ಕಿಟ್ ಕತ್ತರಿಸಿದ್ದು ಕಂಡರೆ ಕಂಪನಿಯವರು ವಾರಂಟಿ ಕೊಡುವುದು ಅನುಮಾನ. ಈಗಿನ ಕೆಲವು ಬೈಕ್‌ಗಳಲ್ಲಂತೂ ಲೈಟನ್ನು ನೋಡಿಕೊಳ್ಳುವುದು ಕಂಟ್ರೋಲ್ ಯೂನಿಟ್. ಅಲ್ಲಿ ವೈರ್ ಕತ್ತರಿಸಿದರೆ 200 ರೂಪಾಯಿ ಕೆಲಸ ಸಾವಿರಗಟ್ಟಲೆಗೆ ಹೋಗುತ್ತದೆ.

ಕೈ ಮಾಡುವವರಿಗೆ ತಲೆ ಆಡಿಸಿ ಮುಂದೆ ಹೋಗಿ. ನಾನು ಹಾಗೇ ಮಾಡುತ್ತೇನೆ.

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬರುತ್ತೇನೆ. ಸಣ್ಣ ಓಣಿ. ನನ್ನ ಲೈಟ್ ನೇರ ಎದುರು ಮನೆಯ ಕಿಟಕಿಗೆ ಬೀಳುತ್ತದೆ, ಅಲ್ಲಿ ಪುಟ್ಟ ಮಗು ಇದೆ. ಬೆಳಿಗ್ಗೆ ರೈಲ್ವೆ ಗೇಟಿನಲ್ಲೂ ಇದೇ ಸಮಸ್ಯೆ, ಆಚೆ ನಿಂತವರ ಕಣ್ಣಿಗೆ ಹೊಡೆಯುತ್ತದೆ. ಇದಕ್ಕಾದರೂ ಸ್ವಿಚ್ ಬೇಡವಾ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಕಾಳಜಿ ನನಗೆ ತುಂಬ ಹಿಡಿಸಿತು. ಆದರೆ ಸ್ವಿಚ್ ಈಗಾಗಲೇ ನಿಮ್ಮ ಬಲಗೈ ಹೆಬ್ಬೆರಳಿನ ಹತ್ತಿರವೇ ಇದೆ. ಎಂಜಿನ್ ಆರಿಸುವ ಕೆಂಪು ಕಿಲ್ ಸ್ವಿಚ್. ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್ ನಿಂತರೆ ಹೆಡ್‌ಲೈಟೂ ಆರುತ್ತದೆ. ನಿಮ್ಮದರಲ್ಲಿ ಆ ಸ್ವಿಚ್ ಇಲ್ಲದಿದ್ದರೆ, ಅಥವಾ ಅದರಿಂದ ಲೈಟ್ ಆರದಿದ್ದರೆ ಕೀ ತಿರುಗಿಸಿ. ಓಣಿಯ ತುದಿಯಲ್ಲೇ ಎಂಜಿನ್ ಆರಿಸಿ, ಇಳಿದು ತಳ್ಳಿಕೊಂಡು ಹೋಗಿ. ಮಗುವಿಗೆ ಬೆಳಕೂ ಇಲ್ಲ, ಸದ್ದೂ ಇಲ್ಲ. ಬೆಳಿಗ್ಗೆ ಹೊರಡುವಾಗ ಬೀಳಬಾರದು ಅಂದರೆ ರಾತ್ರಿಯೇ ಬೈಕ್‌ನ ಮುಖ ರಸ್ತೆ ಕಡೆ ತಿರುಗಿಸಿ ನಿಲ್ಲಿಸಿ. ರೈಲ್ವೆ ಗೇಟಿನಲ್ಲಿ ಹೇಗೂ ಎಂಜಿನ್ ಆರಿಸಿ ಕಾಯುವುದು ಒಳ್ಳೆಯದು.

ಡಿಪ್‌ನಲ್ಲಿದ್ದರೂ, ಅಂದರೆ ಬೆಳಕು ಕೆಳಗೆ ಬೀಳುವ ಹಾಗೆ ಇಟ್ಟಿದ್ದರೂ, ಎದುರಿನವರ ಕಣ್ಣಿಗೆ ಹೊಡೆಯುತ್ತಿದೆ ಅಂದರೆ ಲೈಟ್ ಮೇಲಕ್ಕೆ ಎದ್ದಿದೆ ಅಂತ ಅರ್ಥ. ನಿಯಮದಲ್ಲಿ ಇದಕ್ಕೆ ಲೆಕ್ಕವೇ ಇದೆ. ದೀಪದಿಂದ 8 ಮೀಟರ್ ದೂರ, ಸ್ವಲ್ಪ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಕುಕ್ಕಬಾರದು. ಮನೆಯವರನ್ನು ಬೈಕ್ ಮೇಲೆ ಕೂರಿಸಿ, ನೀವು ಹತ್ತು ಹನ್ನೊಂದು ಹೆಜ್ಜೆ ದೂರ ಹೋಗಿ, ಕಣ್ಣು ಒಂದೂವರೆ ಮೀಟರ್ ಎತ್ತರಕ್ಕೆ ಬರುವ ಹಾಗೆ ನಿಂತು ನೋಡಿ. ಕುಕ್ಕಿದರೆ ಹೆಡ್‌ಲೈಟ್ ಕೆಳಗಿನ ಸ್ಕ್ರೂ ತಿರುಗಿಸಿ ಇಳಿಸಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಅಪ್ಪನ ಕಾಲದ ಯೆಜ್ಡಿ ಇದೆ, 6 ವೋಲ್ಟಿನದು. ಮೊಳೆಯ ಹಾಗಿರುವ ಆ ಕೀ ಒತ್ತಿ ತಿರುಗಿಸಿದರೆ ಲೈಟ್ ಹತ್ತಬೇಕು. ಈಗ ಮಂಕಾಗಿ ಹತ್ತುತ್ತದೆ, ರಸ್ತೆ ಗುಂಡಿಯಲ್ಲಿ ಗಾಡಿ ಎಗರಿದರೆ ಆರುತ್ತದೆ, ಕೀ ಅಲ್ಲಾಡಿಸಿದರೆ ಮತ್ತೆ ಬರುತ್ತದೆ. ಬೇರೆ ಸ್ವಿಚ್ ಹಾಕಿಕೊಳ್ಳಬಹುದಾ? ಇದಕ್ಕೂ ಆ ಹೊಸ ನಿಯಮ ಇದೆಯಾ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ಎಎಚ್‌ಒ ನಿಯಮ 2017ರ ಏಪ್ರಿಲ್‌ನಿಂದ ತಯಾರಾದವುಗಳಿಗೆ ಮಾತ್ರ. ನಿಮ್ಮ ಗಾಡಿಗೆ ಕಾರ್ಖಾನೆಯಿಂದ ಬಂದಾಗಲೇ ಲೈಟ್ ಸ್ವಿಚ್ ಇತ್ತು, ಅದನ್ನು ಸರಿಯಾಗಿ ಕೆಲಸ ಮಾಡುವ ಹಾಗೆ ಇಟ್ಟುಕೊಳ್ಳುವುದು ರಿಪೇರಿ ಅಷ್ಟೇ. ನಿಮ್ಮೂರಿನಲ್ಲೇ ಹುಟ್ಟಿದ ಗಾಡಿ ಅದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ತಯಾರಾದವು. ಅದನ್ನು ಜೋಡಿಸಿದ ಕೈಗಳು, ಬಿಚ್ಚಿ ಕಲಿತ ಮೆಕ್ಯಾನಿಕ್‌ಗಳು ಇನ್ನೂ ನಿಮ್ಮ ಊರಲ್ಲಿ ಇದ್ದಾರೆ. ಮೊದಲು ಅಂಥವರನ್ನು ಹುಡುಕಿ. ಆ ಸ್ವಿಚ್ಚನ್ನೇ ಉಳಿಸಿಕೊಳ್ಳಲು ಸಾಧ್ಯವಾದರೆ ಉಳಿಸಿಕೊಳ್ಳಿ, ಅದಿಲ್ಲದ ಯೆಜ್ಡಿ ನನಗೆ ಯೆಜ್ಡಿ ಅನ್ನಿಸುವುದಿಲ್ಲ.

ತೊಂದರೆ ಎಲ್ಲಿದೆ ಅಂತ ನೀವೇ ನೋಡಬಹುದು. ಹೆಡ್‌ಲೈಟ್ ರಿಮ್‌ನ ಸ್ಕ್ರೂ ಬಿಚ್ಚಿ, ಗಾಜನ್ನು ಮೆಲ್ಲಗೆ ಈಚೆ ಎಳೆಯಿರಿ. ಒಳಗೆ ಮೇಲ್ಗಡೆ ಸ್ವಿಚ್‌ನ ಬೆನ್ನು ಕಾಣುತ್ತದೆ. ಇಷ್ಟು ವರ್ಷದಲ್ಲಿ ಹಿತ್ತಾಳೆ ಪಟ್ಟಿಗಳು ಕಪ್ಪಾಗಿ, ಸ್ಕ್ರೂಗಳ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ವೈರಿನ ತುದಿ ಮುಟ್ಟಿದರೆ ಪುಡಿಪುಡಿ. ಬ್ಯಾಟರಿ ವೈರ್ ಬಿಚ್ಚಿಟ್ಟು, ನಯವಾದ ಎಮೆರಿ ಪೇಪರ್‌ನಿಂದ ಹಗುರವಾಗಿ ಉಜ್ಜಿ, ಸ್ಕ್ರೂ ಬಿಗಿ ಮಾಡಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ತಗೊಳ್ಳಿ. ಎಂಜಿನ್ ಓಡುವಾಗ ಲೈಟ್ ಹಾಕಿ, ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್, ಬಲ್ಬ್‌ನ ಕಾಲಿನ ಮೇಲೆ ಎಷ್ಟು ವೋಲ್ಟ್ ಅಂತ ಎರಡೂ ಬರೆದುಕೊಳ್ಳಿ. 6 ವೋಲ್ಟಿನ ಗಾಡಿಯಲ್ಲಿ ಇದು ಬಹಳ ಮುಖ್ಯ. 12 ವೋಲ್ಟಿನಲ್ಲಿ 35 ವ್ಯಾಟ್ ಬಲ್ಬ್ 3 ಆಂಪಿಯರ್ ಎಳೆದರೆ, 6 ವೋಲ್ಟಿನಲ್ಲಿ ಅದೇ 35 ವ್ಯಾಟಿಗೆ 6 ಆಂಪಿಯರ್ ಬೇಕು. ಹಳೇ ಸ್ವಿಚ್, ಹಳೇ ವೈರ್, ಅದರ ಮೇಲೆ ದುಪ್ಪಟ್ಟು ಕರೆಂಟ್. ದಾರಿಯಲ್ಲಿ ಒಂದೇ ಒಂದು ವೋಲ್ಟ್ ಕಳೆದುಹೋಗಿ ಬಲ್ಬ್‌ಗೆ 5 ಸಿಕ್ಕಿತು ಅಂದುಕೊಳ್ಳಿ, ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಫಿಲಮೆಂಟ್ ಬಲ್ಬ್‌ನ ಗುಣವೇ ಹಾಗೆ. ನಿಮ್ಮ ಲೈಟ್ ಮಂಕಾಗಿರುವುದು ಇದೇ ಕಾರಣಕ್ಕೆ ಇರಬೇಕು.

ಇದಕ್ಕೆ ಮದ್ದು ಇನ್ನೊಂದು ಸ್ವಿಚ್ ಅಲ್ಲ, ರಿಲೇ. ಸ್ವಿಚ್ಚಿನ ಮೂಲಕ ಪೂರ್ತಿ ಕರೆಂಟ್ ಹೋಗುವ ಬದಲು, ಸ್ವಿಚ್ ರಿಲೇಗೆ ಒಂದು ಸಣ್ಣ ಸೂಚನೆ ಕೊಡುತ್ತದೆ, ದೊಡ್ಡ ಕರೆಂಟ್ ಬ್ಯಾಟರಿಯಿಂದ ನೇರ ರಿಲೇ ಮೂಲಕ ಬಲ್ಬ್ ಕಡೆ ಹೋಗುತ್ತದೆ. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರ್ 30ಕ್ಕೆ. 87ರಿಂದ ಹೊರಡುವುದು ಹ್ಯಾಂಡಲ್ ಮೇಲೆ ಹೈ ಬೀಮ್, ಡಿಪ್ ಬದಲಿಸುವ ಸ್ವಿಚ್ಚಿಗೆ. ನಿಮ್ಮ ಕೀ ಸ್ವಿಚ್ಚಿನಿಂದ ಹೆಡ್‌ಲೈಟ್‌ಗೆ ಹೋಗುತ್ತಿದ್ದ ವೈರನ್ನು 86ಕ್ಕೆ ಕೊಡಿ, 85ನ್ನು ಬಾಡಿ ಅರ್ತ್‌ಗೆ. ಆಯಿತು. ಕೀ ತಿರುಗಿಸಿದರೆ ಟಿಕ್ ಅಂತ ಸಣ್ಣ ಸದ್ದು ಬಂದು ಲೈಟ್ ಹತ್ತಬೇಕು. ಹ್ಯಾಂಡಲ್ ಮೇಲಿನ ಆ ಸ್ವಿಚ್ಚೂ ಹಳತಾಗಿದ್ದರೆ ಎರಡು ರಿಲೇ ಹಾಕಿ, ಹೈ ಬೀಮ್‌ಗೆ ಒಂದು, ಡಿಪ್‌ಗೆ ಒಂದು.

ಮೂರು ವಿಷಯ ಮಾತ್ರ ಬಿಡಬೇಡಿ. ರಿಲೇ ಮೇಲೆ 6 ವೋಲ್ಟ್ ಅಂತ ಬರೆದಿರಬೇಕು, ಅಂಗಡಿಯಲ್ಲಿ ಸುಲಭವಾಗಿ ಸಿಗುವ 12 ವೋಲ್ಟಿನ ರಿಲೇ ನಿಮ್ಮ ಗಾಡಿಯಲ್ಲಿ ಎಳೆಯುವುದೇ ಇಲ್ಲ. ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಬೇಕು, ಟ್ಯಾಂಕ್ ಕೆಳಗೆ ವೈರ್ ಉಜ್ಜಿ ಬಾಡಿಗೆ ತಾಗಿದರೆ ಮೇಲಿರುವುದು ಪೆಟ್ರೋಲ್ ಅನ್ನುವುದು ನೆನಪಿರಲಿ. ವೈರ್ ಒಂದೂವರೆ ಚದರ ಮಿಲಿಮೀಟರ್‌ಗಿಂತ ಸಣ್ಣದು ಬೇಡ.

ಹಾಗೇ, ಜಾಯಿಂಟ್. ಇದನ್ನು ನಾನು ಕಷ್ಟಪಟ್ಟು ಕಲಿತದ್ದು, ಹಾಗಾಗಿ ಹೇಳಲೇಬೇಕು. ಕಾಲೇಜು ಮುಗಿದ ಹೊಸದರಲ್ಲಿ ನನ್ನ ಹಳೇ ಬೈಕ್‌ನ ಲೈಟ್ ಸ್ವಿಚ್ ಹೋಗಿತ್ತು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಟ್ಯಾಂಕ್ ಪಕ್ಕಕ್ಕೆ ಒಂದು ಟಾಗಲ್ ಸ್ವಿಚ್ ಹಾಕಿಕೊಟ್ಟರು. ವೈರಿನ ತುದಿಗಳನ್ನು ಬೆರಳಲ್ಲಿ ಹೊಸೆದು, ಮೇಲೆ ಕಪ್ಪು ಟೇಪ್. ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ಮಳೆಗಾಲದ ಒಂದು ರಾತ್ರಿ, ಎಡಕ್ಕೆ ತಿರುಗುವ ಇಳಿಜಾರಿನಲ್ಲಿ, ಲೈಟ್ ಪಕ್ಕನೆ ಆರಿತು. ಕತ್ತಲು ಅಂದರೆ ಕಗ್ಗತ್ತಲು. ಮುಂದಿನ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿದದ್ದು ಕೈಗೆ ಗೊತ್ತಾಯಿತು, ಬ್ರೇಕ್ ಹಿಡಿದೆ, ಹೇಗೋ ಬೀಳದೆ ನಿಂತೆ. ಬೆಳಿಗ್ಗೆ ಟೇಪ್ ಬಿಚ್ಚಿದರೆ ಅಂಟು ಕರಗಿ ಜಿಡ್ಡಾಗಿತ್ತು, ಒಳಗೆ ನೀರು, ತಾಮ್ರದ ಎಳೆಗಳು ಹಸಿರಾಗಿ ಒಂದೊಂದೇ ಮುರಿದು ಕೊನೆಗೆ ಎರಡು ಎಳೆ ಉಳಿದಿದ್ದವು. ಆ ಎರಡು ಎಳೆಯ ಮೇಲೆ ನಾನು ಎಷ್ಟು ರಾತ್ರಿ ಓಡಿಸಿದ್ದೆನೋ. ಅವತ್ತಿನಿಂದ ಹೆಡ್‌ಲೈಟ್ ಲೈನಿನಲ್ಲಿ ಹೊಸೆದ ಜಾಯಿಂಟ್ ಕಂಡರೆ ನಾನು ಬಿಡುವುದಿಲ್ಲ. ಸೋಲ್ಡರ್ ಅಥವಾ ಒಳ್ಳೆಯ ಕ್ರಿಂಪ್ (ವೈರನ್ನು ಲೋಹದ ತುಂಡಿನಲ್ಲಿ ಒತ್ತಿ ಹಿಡಿಸುವುದು), ಅದರ ಮೇಲೆ ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಟ್ಯೂಬ್. ಟೇಪ್ ಬೇಡ.

ಪ್ರಶ್ನೆ: ನಮ್ಮ ತಂದೆಯವರು ಹೊಸ ಸ್ಕೂಟರ್‌ನ ಹೆಡ್‌ಲೈಟ್ ಗಾಜಿಗೆ ಹಗಲು ಹೊತ್ತು ಕಪ್ಪು ಟೇಪ್ ಅಂಟಿಸಿಕೊಂಡು ಹೋಗುತ್ತಾರೆ. ರಾತ್ರಿ ಕೀಳುತ್ತಾರೆ. ಪರವಾಗಿಲ್ಲವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪರವಾಗಿಲ್ಲ ಅನ್ನುವ ಹಾಗಿಲ್ಲ, ನಿಲ್ಲಿಸಲು ಹೇಳಿ. ಹ್ಯಾಲೊಜನ್ ಬಲ್ಬ್ ಆಗಿದ್ದರೆ ಅದರ ಬಿಸಿ ಹೊರಗೆ ಹೋಗದೆ ಟೇಪ್ ಕೆಳಗೇ ಉಳಿಯುತ್ತದೆ. ನಾವು ಗಾಜು ಅನ್ನುತ್ತೇವೆ, ಆದರೆ ಈಗ ಹೆಚ್ಚಿನವು ಪ್ಲಾಸ್ಟಿಕ್. ಹಳದಿಯಾಗುತ್ತದೆ, ಸೊಟ್ಟಗಾಗುತ್ತದೆ. ಟೇಪಿನ ಅಂಟು ಉಳಿದರೆ ರಾತ್ರಿ ಬೆಳಕು ಚೆದುರುತ್ತದೆ. ಒಂದು ಸಂಜೆ ಕೀಳಲು ಮರೆತರೆ ಏನಾಗಬಹುದು ಅಂತ ನೀವೇ ಯೋಚಿಸಿ. ಅವರಿಗೆ ಬ್ಯಾಟರಿಯ ಚಿಂತೆ ಇರಬೇಕು. ಟೇಪ್ ಅಂಟಿಸಿದರೂ ಬಲ್ಬ್ ಒಳಗೆ ಉರಿಯುತ್ತಲೇ ಇರುತ್ತದೆ, ಉಳಿತಾಯ ಏನೂ ಇಲ್ಲ ಅಂತ ಸಮಾಧಾನವಾಗಿ ಹೇಳಿ ನೋಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಅಂಕೋಲೆಗೆ ಆಗಾಗ ಹೋಗುತ್ತೇನೆ. ಕಾಡಿನ ದಾರಿಗೆ ಕಂಪನಿ ಲೈಟ್ ಸಾಲುವುದಿಲ್ಲ. ಎರಡು ಎಲ್‌ಇಡಿ ಲೈಟ್ ಹಾಕಿಸಿ, ಅವಕ್ಕೆ ಬೇರೆ ಸ್ವಿಚ್ ಕೊಡುವ ಯೋಚನೆ ಇದೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಇರುವ ಲೈಟನ್ನು ನೋಡಿ. ನೂರಕ್ಕೆ ಎಂಬತ್ತು ಜನ ‘ಸಾಲುವುದಿಲ್ಲ’ ಅನ್ನುವ ಲೈಟ್ ತಪ್ಪು ಎತ್ತರದಲ್ಲಿರುತ್ತದೆ, ಇಲ್ಲಾ ಒಳಗೆ ರಿಫ್ಲೆಕ್ಟರ್ ಮಸುಕಾಗಿರುತ್ತದೆ ಅನ್ನುವುದು ನನ್ನ ಅಂದಾಜು. ಮೇಲೆ ಯೆಜ್ಡಿಗೆ ಹೇಳಿದ ಮೀಟರ್ ಪರೀಕ್ಷೆ ನಿಮ್ಮ ಬೈಕಿಗೂ ಆಗುತ್ತದೆ. ಹೈ ಬೀಮ್‌ನಲ್ಲಿ 155 ಮೀಟರ್ ಮುಂದಿನ ಮನುಷ್ಯ, ವಾಹನ ಕಾಣಬೇಕು ಅನ್ನುವುದು ನಿಯಮ. ಸರಿಯಾಗಿರುವ ಲೈಟ್ ಅಷ್ಟು ದೂರ ತೋರಿಸುತ್ತದೆ.

ಆಮೇಲೂ ಬೇಕು ಅನ್ನಿಸಿದರೆ, ಕಂಪನಿಯೇ ನಿಮ್ಮ ಮಾಡೆಲ್‌ಗೆ ಅಂತ ಮಾರುವ ಲೈಟ್ ಇದೆಯಾ ಕೇಳಿ. ಬೀದಿಯಲ್ಲಿ ಸಿಗುವ ಬಿಳಿ ಎಲ್‌ಇಡಿ ಬಾರ್ ಮಾತ್ರ ಬೇಡ. ಅದಕ್ಕೆ ಬೆಳಕನ್ನು ಕತ್ತರಿಸುವ ಗೆರೆಯೇ ಇರುವುದಿಲ್ಲ, ಮರದ ಮೇಲಿನ ಕೊಂಬೆಗೂ ಅಷ್ಟೇ ಬೆಳಕು, ಎದುರಿನವರ ಕಣ್ಣಿಗೂ ಅಷ್ಟೇ ಬೆಳಕು. ಕಣ್ಣು ಕುಕ್ಕುವ ಇಂಥ ಎಲ್‌ಇಡಿಗಳ ಮೇಲೆ 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಕೇಸ್ ಹಾಕಲು ಶುರು ಮಾಡಿದ್ದು ನೆನಪಿರಬಹುದು. ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ಲಾರಿ ಡ್ರೈವರ್‌ಗೆ ಎರಡು ಸೆಕೆಂಡ್ ಕಣ್ಣು ಕಾಣದಿದ್ದರೆ ಅಪಾಯ ಮೊದಲು ಬರುವುದು ನಿಮ್ಮ ಕಡೆಗೇ.

ಈ ಲೈಟ್‌ಗಳಿಗೆ ಬೇರೆ ಸ್ವಿಚ್ ಇರಲೇಬೇಕು, ಆ ಮಾತು ಸರಿ. ಎದುರಿಗೆ ಗಾಡಿ ಬಂದ ಕೂಡಲೇ ಹ್ಯಾಂಡಲ್‌ನಿಂದ ಕೈ ತೆಗೆಯದೆ ಎಡ ಹೆಬ್ಬೆರಳಲ್ಲಿ ಆರಿಸುವ ಹಾಗಿರಲಿ. ನೀರು ಹೋಗದ ಸ್ವಿಚ್, ರಿಲೇ, ಫ್ಯೂಸ್, ಎಲ್ಲ ಇರಲಿ. ರಿಲೇಯ 86ಕ್ಕೆ ಕರೆಂಟ್ ಕೀ ಆನ್ ಇದ್ದಾಗ ಮಾತ್ರ ಬರುವ ವೈರಿನಿಂದ ತಗೊಳ್ಳಿ, ಇಲ್ಲದಿದ್ದರೆ ಅಂಕೋಲೆಯಲ್ಲಿ ಮರೆತು ಮಲಗಿದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಹೆಡ್‌ಲೈಟ್‌ನ ವೈರಿಗೆ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ದಿನಾ ನಾಲ್ಕು ಕಿಲೋಮೀಟರ್ ಆಫೀಸಿಗೆ ಹೋಗುತ್ತೇನೆ. ಬ್ಯಾಟರಿ ಒಂದು ವರ್ಷಕ್ಕೇ ಸತ್ತಿದೆ. ಸರ್ವಿಸ್ ಮಾಡುವವರು ‘ಸದಾ ಉರಿಯುವ ಲೈಟ್‌ನಿಂದಲೇ’ ಅಂದರು. ನಿಜವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಲೈಟ್ ಒಂದರ ಮೇಲೆ ಹಾಕುವುದು ಸರಿಯಲ್ಲ. ನಾಲ್ಕು ಕಿಲೋಮೀಟರ್‌ನಲ್ಲಿ ನಿಮಗೆ ಆರೇಳು ಸಿಗ್ನಲ್ ಸಿಗುತ್ತದೆ, ಎಂಜಿನ್ ಹೆಚ್ಚು ಹೊತ್ತು ಐಡ್ಲಿಂಗ್‌ನಲ್ಲೇ ಇರುತ್ತದೆ, ಆಗ ಮ್ಯಾಗ್ನೆಟೊ ಕೊಡುವುದು ಕಮ್ಮಿ. ಅದರ ಮೇಲೆ ಪ್ರತಿ ಸಲ ಸೆಲ್ಫ್. ಸೆಲ್ಫ್ ಎಳೆದದ್ದನ್ನು ವಾಪಸ್ ತುಂಬುವ ಮೊದಲೇ ನೀವು ಆಫೀಸ್ ತಲುಪಿರುತ್ತೀರಿ.

ಹೊಸ ಬ್ಯಾಟರಿ ಹಾಕುವ ಮೊದಲು ಚಾರ್ಜಿಂಗ್ ನೋಡಿ. ಎಂಜಿನ್ ಆರಿಸಿ ಒಂದೆರಡು ಗಂಟೆ ಬಿಟ್ಟು ಅಳೆದರೆ ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಓಡಿಸಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿದರೆ 13.5ರಿಂದ 14.5ರ ಒಳಗೆ ಬರಬೇಕು. ಬಂದರೆ ನಿಮ್ಮ ಮ್ಯಾಗ್ನೆಟೊ, ರೆಗ್ಯುಲೇಟರ್ ಎರಡೂ ಚೆನ್ನಾಗಿವೆ. 13 ದಾಟದಿದ್ದರೆ, ಅಥವಾ 15ರ ಮೇಲೆ ಹೋದರೆ, ಅಲ್ಲೇ ರಿಪೇರಿ ಬೇಕು, ಎಷ್ಟು ಬ್ಯಾಟರಿ ಹಾಕಿದರೂ ಸಾಯುತ್ತದೆ. ಕಿಕ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್ ಕಿಕ್‌ನಲ್ಲೇ ಮಾಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಖಾಲಿ ರಸ್ತೆಯಲ್ಲಿ ಓಡಿಸಿ.

ಪ್ರಶ್ನೆ: ನನ್ನದು 2014ರ ಬೈಕ್, ಸ್ವಿಚ್ ಇದೆ. ಹಗಲಲ್ಲಿ ನಾನೂ ಲೈಟ್ ಹಾಕಿಕೊಂಡೇ ಓಡಿಸಬೇಕಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಕಾನೂನು ನಿಮ್ಮನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಹಾಕಿ. ಡಿಪ್‌ನಲ್ಲಿ ಸಾಕು. ಆ ಕಾಲದ ಬಹಳ ಬೈಕ್‌ಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ನೇರ ಮ್ಯಾಗ್ನೆಟೊದಿಂದ ಉರಿಯುತ್ತದೆ. ಆಕ್ಸಿಲರೇಟರ್ ಕೊಟ್ಟಾಗ ಬೆಳಕು ಏರಿ, ಬಿಟ್ಟಾಗ ಇಳಿದರೆ ನಿಮ್ಮದು ಆ ಥರದ್ದು, ಬ್ಯಾಟರಿಗೆ ಏನೂ ಆಗುವುದಿಲ್ಲ. ಬೆಳಕು ಒಂದೇ ಸಮ ಇದ್ದರೆ ಬ್ಯಾಟರಿಯದ್ದು, ಆಗ ಮೇಲೆ ಹೇಳಿದ ಹಾಗೆ ಚಾರ್ಜಿಂಗ್ ಒಮ್ಮೆ ಅಳೆದುಕೊಳ್ಳಿ. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಮೂರಕ್ಕೇ ಸಂಜೆಯ ಬೆಳಕು ಅಲ್ವಾ. ಕೀ ತಿರುಗಿಸಿದ ಮೇಲೆ ಸೈಡ್ ಸ್ಟ್ಯಾಂಡ್ ತೆಗೆಯುವ ಹಾಗೇ ಹೆಬ್ಬೆರಳು ಲೈಟ್ ಸ್ವಿಚ್ಚಿಗೂ ಹೋಗಲಿ, ವಾರದಲ್ಲಿ ಅಭ್ಯಾಸ ಆಗುತ್ತದೆ. ಯಾರಾದರೂ ಬೆರಳು ಬಿಡಿಸಿ ತೋರಿಸಿದರೆ ಅವರಿಗೆ ನೀವು ಕಂಡಿದ್ದೀರಿ ಅಂತ ಲೆಕ್ಕ.